ಆ ಕಾಗದ ಕೊನೇ ಮಾತಲ್ಲ, ಅಕ್ಕಾ

ಅಕ್ಕಾ, ಒಂದ್ನಿಮಿಷ ನಿಲ್ಲಿ, ಆ ಕೊಡ ಕೆಳಗಿಡಿ. ನಿಮ್ಮೆಜಮಾನ್ರಿಗೆ ಮಿಲಿಟರಿಯಿಂದ ಕಾಗದ ಬಂದಿತ್ತಲ್ಲ, ಬೆನ್ನು, ಮೊಣಕಾಲು ನೋವಿಗೂ ಸರ್ವೀಸಿಗೂ ಸಂಬಂಧ ಇಲ್ಲ, ಅಂಗವೈಕಲ್ಯ ಪಿಂಚಣಿ ಕೊಡಲ್ಲ ಅಂತ? ಅದನ್ನ ಮಡಿಸಿ ಟ್ರಂಕಿಗೆ ಹಾಕಿ ಸುಮ್ಮನಾಗಬೇಡಿ.

ಭರ್ತಿಯಾಗುವಾಗ ಅವರನ್ನ ಡಾಕ್ಟರು ನೆತ್ತಿಯಿಂದ ಅಂಗಾಲಿನವರೆಗೆ ನೋಡಿಯೇ ತಗೊಂಡಿದ್ದು ತಾನೇ? ಬೆನ್ನಲ್ಲಿ ಐಬಿದೆ ಅಂತ ಆಗ ಯಾರೂ ಬರೆದಿರಲಿಲ್ಲ. ಆಮೇಲೆ ಲಡಾಖಿನ ಚಳಿ, ಬೆನ್ನ ಮೇಲೆ ಹೊರೆ, ಗುಡ್ಡ ಹತ್ತೋದು, ಲಾರಿಯ ಕುಲುಕಾಟ. ಡಿಸ್ಕ್ ಜಾರಿದ್ದು, ಮೊಣಕಾಲು ಸವೆದಿದ್ದು ಬರೀ ವಯಸ್ಸಿಂದ ಅಂತ ಒಂದೇ ಸಾಲಲ್ಲಿ ಬರೆದರೆ ಒಪ್ಪೋದು ಹೇಗೆ?

ಅವರು ನಿವೃತ್ತರಾಗಿದ್ದು 2008ರ ಜನವರಿಗೆ ಮೊದಲು. ಈ ಪಿಂಚಣಿಗೆ ಅವರಿಗೆ 1982ರ ನಿಯಮವೇ ಲೆಕ್ಕ. ಸಂಶಯ ಬಂದರೆ ಅದರ ಲಾಭ ಸೈನಿಕನಿಗೆ ಅಂತ ಅದರಲ್ಲಿದೆ. 2013ರಲ್ಲಿ ಧರ್ಮವೀರ್ ಸಿಂಗ್ ಅನ್ನೋ ಸೈನಿಕರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಬಿಡಿಸಿ ಹೇಳಿತು: ಸೇರುವಾಗ ಕಾಯಿಲೆ ದಾಖಲಾಗಿಲ್ಲ ಅಂದ್ರೆ ಸೇವೆಯಲ್ಲೇ ಬಂತು ಅಂತ ಭಾವಿಸಬೇಕು, ಅಲ್ಲ ಅಂತ ಸಾಬೀತು ಮಾಡೋ ಹೊಣೆ ಸೇನೆಯದು. ಅದು ಮೂರ್ಛೆರೋಗದ ಮೊಕದ್ದಮೆ, ಆದರೆ ಆ ನ್ಯಾಯ ಬೆನ್ನಿಗೂ ಮೊಣಕಾಲಿಗೂ ಸಲ್ಲುತ್ತೆ. ಎಲ್ಲರೂ ಗೆಲ್ತಾರೆ ಅಂತಲ್ಲ ಅಕ್ಕಾ. ಕೇಳದೇ ಇದ್ದವರಿಗೆ ಸಿಗೋದಂತೂ ಇಲ್ಲ.

ಶೇಕಡಾವಾರು ಲೆಕ್ಕ ಇನ್ನೂ ದೊಡ್ಡದು. ಅವಧಿ ಮುಗಿಸಿ ಬಂದವರಿಗೆ ಅಂಗವೈಕಲ್ಯ ಶೇ. 20 ಆಗದಿದ್ದರೆ ಪಿಂಚಣಿಯ ಆ ಭಾಗ ಸಿಗಲ್ಲ. 2023ರ ಸೆಪ್ಟೆಂಬರಿಗೆ ಮೊದಲು ನಿವೃತ್ತರಾದವರಿಗೆ 20 ಮುಟ್ಟಿ, ಸೇವೆಯಿಂದ ಬಂದಿದ್ದು ಅಂತ ಒಪ್ಪಿಕೊಂಡರೆ, 50ಕ್ಕಿಂತ ಕಡಿಮೆ ಇದ್ದರೂ 50 ಅಂತಲೇ ಎಣಿಸ್ತಾರೆ. ಈ ಸೌಲಭ್ಯ ಅವಧಿ ಮುಗಿಸಿ ಬಂದವರಿಗೂ ಇದೆ ಅಂತ 2014ರಲ್ಲಿ ಸುಪ್ರೀಂ ಕೋರ್ಟಿನ ರಾಮ್ ಅವತಾರ್ ತೀರ್ಪು ಖಚಿತ ಮಾಡಿತು. ನಿಮ್ಮವರಿಗೆ 15 ಬರೆದಿದ್ದಾರಲ್ಲ, ಆ ಐದರಲ್ಲೇ ಎಷ್ಟೊಂದು ಅಡಗಿದೆ ನೋಡಿ!

ಮೊದಲು ಬಿಡುಗಡೆ ಸಮಯದ ಮೆಡಿಕಲ್ ಬೋರ್ಡಿನ ಪ್ರತಿ ತರಿಸಿ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. ಭರ್ತಿಯ ವೈದ್ಯಕೀಯ ದಾಖಲೆ, ಮಿಲಿಟರಿ ಆಸ್ಪತ್ರೆಯ ಎಂಆರ್‌ಐ, ಪೆಟ್ಟಾದಾಗಿನ ವರದಿ, ಯಾವ್ಯಾವ ಎತ್ತರದಲ್ಲಿ ಎಷ್ಟು ದಿನ ಇದ್ದರು ಅನ್ನೋದು, ಎಲ್ಲ ಒಟ್ಟಿಗೆ ಇಡಿ. ಮೊದಲ ಮೇಲ್ಮನವಿ, ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಅಲ್ಲಿ ಹೊಸ ಮೆಡಿಕಲ್ ಬೋರ್ಡಿಗೂ ಆದೇಶ ಮಾಡಿಸಬಹುದು.

ತಡವಾಯ್ತಲ್ಲ ಅಂತ ಕೈಬಿಡಬೇಡಿ. ಪಿಂಚಣಿ ತಿಂಗಳು ತಿಂಗಳು ಬರೋ ಹಕ್ಕು, ಅದಕ್ಕೇ ತಡವಾದರೂ ಕೇಳ್ತಾರೆ. ಆದರೆ ಸುಪ್ರೀಂ ಕೋರ್ಟಿನ 2008ರ ತರ್ಸೇಮ್ ಸಿಂಗ್ ತೀರ್ಪಿನ ಹಾಗೆ ಹಳೇ ಬಾಕಿ ಸಾಮಾನ್ಯವಾಗಿ ಮೂರು ವರ್ಷದ್ದಷ್ಟೇ. ಅದಕ್ಕಿಂತ ಹಿಂದಿನದು ಸಿಗೋದು ಕಷ್ಟ. ಅದಕ್ಕೇ ಹೇಳಿದ್ದು ಅಕ್ಕಾ, ಇವತ್ತೇ ಟ್ರಂಕು ತೆಗೀರಿ. ಸೋಮವಾರ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗೋಣ, ನಾನೂ ಬರ್ತೀನಿ.