ಸನ್ ಕೀಬೋರ್ಡ್ ಜೀರ್ಣೋದ್ಧಾರ ಮೀಮಾಂಸೆ

(ಸೂತ್ರ, ಸ್ವೋಪಜ್ಞ ವೃತ್ತಿ ಮತ್ತು ಯಾರೂ ಕೇಳದ ಟಿಪ್ಪಣಿಗಳ ಸಹಿತ)

ಅನುಬಂಧ ಚತುಷ್ಟಯ

ಶಾಸ್ತ್ರವೊಂದನ್ನು ಆರಂಭಿಸುವ ಮೊದಲು ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ತನ್ನ ವರ್ಕ್‌ಸ್ಟೇಷನ್ನುಗಳ ಜೊತೆ ಕೊಟ್ಟ ಟೈಪ್ 4 ಮತ್ತು ಟೈಪ್ 5 ಕೀಬೋರ್ಡುಗಳನ್ನೂ ಅವುಗಳ ಮೌಸನ್ನೂ ಇಂದಿನ ಲಿನಕ್ಸ್ ಗಣಕಕ್ಕೆ ಜೋಡಿಸುವುದು. ಪ್ರಯೋಜನ: ಐನೂರು ರೂಪಾಯಿಯ ಯುಎಸ್‌ಬಿ ಕೀಬೋರ್ಡು ಮಾಡುವ ಕೆಲಸವನ್ನೇ ಇವುಗಳಿಂದಲೂ ಮಾಡಿಸುವುದು. ಸಂಬಂಧ: ವಿಷಯಕ್ಕೂ ಪ್ರಯೋಜನಕ್ಕೂ ಏನು ಸಂಬಂಧವೆಂಬುದು ಇನ್ನೂ ಸಂಶೋಧನೆಯಲ್ಲಿದೆ. ಅಧಿಕಾರಿ: ಸಾಧನ ಚತುಷ್ಟಯ ಸಂಪನ್ನ. ಅಂದರೆ ಸೋಲ್ಡರಿಂಗ್ ಐರನ್, ಮಲ್ಟಿಮೀಟರ್, ಸೀರಿಯಲ್ ಪೋರ್ಟು ಮತ್ತು ರಜೆ, ಈ ನಾಲ್ಕೂ ಉಳ್ಳವನು. ಮನೆಯವರ ಒಪ್ಪಿಗೆಯನ್ನು ಐದನೆಯ ಸಾಧನವಾಗಿ ಸೇರಿಸಬೇಕೆಂಬುದು ಒಂದು ಮತ. ಅದನ್ನು ಅಂಗೀಕರಿಸಿದರೆ ಲೋಕದಲ್ಲಿ ಅಧಿಕಾರಿಗಳೇ ಉಳಿಯುವುದಿಲ್ಲವಾದ್ದರಿಂದ ಕೈಬಿಡಲಾಗಿದೆ.

ಸೂತ್ರಕಾರನೂ ವೃತ್ತಿಕಾರನೂ ಒಬ್ಬನೇ. ಆದರೂ ಇಬ್ಬರಿಗೂ ಎಲ್ಲ ಕಡೆಯೂ ಒಮ್ಮತವಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಸೂತ್ರ 1: ಎಣಿಸದೆ ಚುಚ್ಚಬಾರದು.

ವೃತ್ತಿ: ಏನನ್ನು ಎಣಿಸದೆ ಎಂದು ಸೂತ್ರಕಾರರು ಹೇಳಿಲ್ಲ. ದುಡ್ಡನ್ನು ಎಂದು ಕೆಲವರು ಅರ್ಥ ಮಾಡುತ್ತಾರೆ. ಪ್ರಕರಣ ಬಲದಿಂದ ಪಿನ್ನುಗಳನ್ನು ಎಂದು ತಿಳಿಯಬೇಕು. ಸನ್ ಕೀಬೋರ್ಡಿನ ತಂತಿಯ ತುದಿಯಲ್ಲಿರುವುದು 8 ಪಿನ್ನುಗಳ ದುಂಡನೆಯ ಮಿನಿ-ಡಿನ್ ಪ್ಲಗ್. ಹಳೆಯ ಪಿಸಿಗಳ ಪಿಎಸ್/2 ಪ್ಲಗ್ಗೂ ಮಿನಿ-ಡಿನ್ನೇ, ಆದರೆ ಅದಕ್ಕೆ 6 ಪಿನ್ನು. ಎರಡೂ ಒಂದೇ ಗೋತ್ರ. ಆದ್ದರಿಂದಲೇ ಸಂಬಂಧ ನಿಷಿದ್ಧ. ಬಲವಂತವಾಗಿ ಕೂಡಿಸಿದರೆ ಪಿನ್ನುಗಳು ಬಾಗುತ್ತವೆ.

ಮೌಸು ಗಣಕಕ್ಕೆ ನೇರವಾಗಿ ಬರುವುದಿಲ್ಲ, ಕೀಬೋರ್ಡಿನ ಪಕ್ಕಕ್ಕೆ ಸಿಕ್ಕಿಕೊಳ್ಳುತ್ತದೆ. ಇಬ್ಬರ ಮಾತೂ ಒಂದೇ ತಂತಿಯಲ್ಲಿ, ಬೇರೆ ಬೇರೆ ಪಿನ್ನುಗಳ ಮೇಲೆ ಹರಿದು ಬರುತ್ತದೆ. ಹಾಗಾಗಿ ಪಿಸಿಗೆ ತರುವಾಗ ಅವರನ್ನು ಬೇರ್ಪಡಿಸಿ ಎರಡು ಸೀರಿಯಲ್ ಪೋರ್ಟು ಕೊಡಬೇಕು.

ಸೂತ್ರ 2: ವೇಗ 1200, ತಾಳ್ಮೆಯೂ ಅಷ್ಟೇ.

ವೃತ್ತಿ: ಇವು ಸೀರಿಯಲ್ ಭಾಷೆಯನ್ನು 1200 ಬಾಡ್ ವೇಗದಲ್ಲಿ ಆಡುತ್ತವೆ. ಆದರೆ ಸಂಸ್ಕಾರ ಸಂಕರವಾಗಿದೆ. ಧ್ರುವತೆ ಆರ್‌ಎಸ್-232ರದು, ವೋಲ್ಟೇಜು ಮಾತ್ರ ಟಿಟಿಎಲ್‌ನ 0 ಮತ್ತು 5. ಪಿಸಿಯ ಸೀರಿಯಲ್ ಪೋರ್ಟು ಅದರಿಂದಾಚೆ ಹೋಗಿ, ಹೆಚ್ಚೂ ಕಡಿಮೆ 12 ವೋಲ್ಟನ್ನು ಮೇಲಕ್ಕೂ ಕೆಳಕ್ಕೂ ಎರಚುವಂಥದ್ದು. ಅದನ್ನು ನೇರವಾಗಿ ಕೀಬೋರ್ಡಿನ ಕಿವಿಗೆ ಬಿಟ್ಟರೆ ಜೀರ್ಣೋದ್ಧಾರ ಹೋಗಿ ಉತ್ತರಕ್ರಿಯೆಯಾಗುತ್ತದೆ. ನಡುವೆ ವೋಲ್ಟೇಜು ತಗ್ಗಿಸುವ ಸರ್ಕ್ಯೂಟು ಬೇಕು. ಟಿಟಿಎಲ್ ಮಟ್ಟದ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್ ಬಳಸುವವರು ಸಿಗ್ನಲ್ಲನ್ನು ತಲೆಕೆಳಗು ಮಾಡಿಕೊಳ್ಳಬೇಕು.

ಆಮೇಲೆ ಬರುವುದು ‘ಇನ್‌ಪುಟ್‌ಅಟ್ಯಾಚ್’ ಎಂಬ ಪುರೋಹಿತ. ಯಾವ ಪೋರ್ಟು, ಯಾವ ಸಾಧನ ಎಂದು ಸಂಕಲ್ಪ ಹೇಳಿಸಿ ಈತನನ್ನು ಕೂರಿಸಿದರೆ, ಕರ್ನಲ್ಲಿನ ‘ಸನ್‌ಕೆಬಿಡಿ’ ಚಾಲಕವನ್ನು ಆವಾಹನೆ ಮಾಡುತ್ತಾನೆ. ಈತ ಎದ್ದುಹೋದರೆ ಕೀಬೋರ್ಡೂ ಎದ್ದುಹೋಗುತ್ತದೆ.

ಚಾಲಕ ಮೊದಲು ಕೀಬೋರ್ಡಿಗೆ ಮರುಹುಟ್ಟು ಕೊಟ್ಟು ‘ನೀನು ಯಾರು?’ ಎಂದು ಕೇಳುತ್ತದೆ. ಟೈಪ್ 4 ‘ನಾಲ್ಕು’ ಎನ್ನುತ್ತದೆ. ಟೈಪ್ 5 ಕೂಡ ‘ನಾಲ್ಕು’ ಎಂದೇ ಹೇಳುತ್ತದೆ! ಚಾಲಕ ಅಷ್ಟಕ್ಕೇ ಬಿಡದೆ ‘ನಿನ್ನ ಅಕ್ಷರವಿನ್ಯಾಸ ಯಾವುದು?’ ಎಂದು ಎರಡನೆಯ ಪ್ರಶ್ನೆ ಹಾಕುತ್ತದೆ. ಬಂದ ಉತ್ತರದಲ್ಲಿ 32ರ ಬಿಟ್ ಇದ್ದರೆ ಆಗ ಗುಟ್ಟು ರಟ್ಟಾಗಿ, ಐದು ಎಂದು ದಾಖಲಾಗುತ್ತದೆ. ಜಾತಿ ಪ್ರಮಾಣಪತ್ರ ಪರಿಶೀಲನೆಯಲ್ಲಿ ಇಷ್ಟು ಚುರುಕನ್ನು ನಮ್ಮ ಕಚೇರಿಗಳು ಇನ್ನೂ ಸಾಧಿಸಿಲ್ಲ.

ಇಲ್ಲೊಂದು ಅನ್ಯೋನ್ಯಾಶ್ರಯ ದೋಷವಿದೆ. ಇನ್‌ಪುಟ್‌ಅಟ್ಯಾಚ್ ಆಜ್ಞೆಯನ್ನು ಟೈಪ್ ಮಾಡಲು ಕೀಬೋರ್ಡು ಬೇಕು. ಕೀಬೋರ್ಡು ಬರಬೇಕಾದರೆ ಆ ಆಜ್ಞೆಯನ್ನು ಟೈಪ್ ಮಾಡಿರಬೇಕು. ಪರಿಹಾರ: ಗಣಕ ಏಳುವಾಗಲೇ ಆಜ್ಞೆ ತಾನಾಗಿ ನಡೆಯುವಂತೆ ಒಂದು ಸಿಸ್ಟಮ್‌ಡಿ ಸೇವೆ ಬರೆದಿಡುವುದು. ಆ ಸೇವೆಯನ್ನು ಬರೆಯಲು ಬೇರೊಂದು ಕೀಬೋರ್ಡು ಬೇಕಾಗುತ್ತದೆ. ಗಣಕದ ಬಯಾಸ್‌ಗಂತೂ ಸೀರಿಯಲ್ ಪೋರ್ಟಿನಲ್ಲಿ ಕೂತ ಈ ಅತಿಥಿ ಕಾಣುವುದೇ ಇಲ್ಲ. ಆದ್ದರಿಂದ ಸನ್ ಕೀಬೋರ್ಡಿನ ನಿಜವಾದ ಉಪಾಸಕನ ಮೇಜಿನ ಮೇಲೆ ಯಾವಾಗಲೂ ಎರಡು ಕೀಬೋರ್ಡುಗಳಿರುತ್ತವೆ.

ಟಿಪ್ಪಣಿ: ಟೈಪ್ 5ರ ಗುಂಡಿಗಳ ಕೆಳಗೆ ಇರುವುದು ರಬ್ಬರು, ಒತ್ತಿದರೆ ಟಕಟಕ ಸದ್ದು ಬಾರದು. ಆ ಕೊರತೆಯನ್ನು ನೀಗಲು ಕೀಬೋರ್ಡಿನೊಳಗೇ ಒಂದು ಪುಟ್ಟ ಸದ್ದಿನ ಬಿಲ್ಲೆ ಇದೆ. ಗಣಕದಿಂದ 0ಎ ಎಂಬ ಬೈಟ್ ಬಂದರೆ ಪ್ರತಿ ಒತ್ತಿಗೂ ‘ಟಕ್’ ಎನ್ನುತ್ತದೆ, 0ಬಿ ಬಂದರೆ ಸುಮ್ಮನಾಗುತ್ತದೆ. ಲಿನಕ್ಸ್ ಚಾಲಕ ಈ ಎರಡು ಬೈಟ್‌ಗಳನ್ನೂ ಶ್ರದ್ಧೆಯಿಂದ ಉಳಿಸಿಕೊಂಡು ಬಂದಿದೆ.

ಸೂತ್ರ 3: ಕಂಪನಿ ಅಳಿದರೂ ಸಂಖ್ಯೆ ಅಳಿಯದು.

ವೃತ್ತಿ: ಇದು ಶಾಸನಶಾಸ್ತ್ರದ ವ್ಯಾಪ್ತಿಗೆ ಬರುವ ಸೂತ್ರ. ಸನ್ ಕಂಪನಿ ಹುಟ್ಟಿದ್ದು 1982ರಲ್ಲಿ. 2010ರ ಜನವರಿಯಲ್ಲಿ ಒರಾಕಲ್ ಅದನ್ನು ಕೊಂಡುಕೊಂಡಿತು. ಅದರ ಕೀಬೋರ್ಡಿನ ಎಡ ಅಂಚಿನಲ್ಲಿ ಸಾಮಾನ್ಯ ಪಿಸಿ ಕೀಬೋರ್ಡಿನಲ್ಲಿ ಕಾಣದ ಒಂದು ಪ್ರತ್ಯೇಕ ಅಗ್ರಹಾರವಿತ್ತು: ಸ್ಟಾಪ್, ಅಗೇನ್, ಪ್ರಾಪ್ಸ್, ಅನ್‌ಡು, ಫ್ರಂಟ್, ಕಾಪಿ, ಓಪನ್, ಪೇಸ್ಟ್, ಫೈಂಡ್, ಕಟ್ ಮತ್ತು ಹೆಲ್ಪ್. ಲಿನಕ್ಸ್ ಕರ್ನಲ್ಲಿನ ಕೀ ಸಂಖ್ಯೆಗಳ ಪಟ್ಟಿಯನ್ನು ತೆರೆದು ನೋಡಿ. 128ರಲ್ಲಿ ಸ್ಟಾಪ್, 129ರಲ್ಲಿ ಅಗೇನ್, ಅಲ್ಲಿಂದ ಇದೇ ಕ್ರಮದಲ್ಲಿ ಸಾಗಿ 137ರಲ್ಲಿ ಕಟ್, 138ರಲ್ಲಿ ಹೆಲ್ಪ್. ಹನ್ನೊಂದು ವೀರಗಲ್ಲುಗಳು ಸಾಲಾಗಿ ನಿಂತಿವೆ. ಸನ್ ಕಂಪನಿಯ ಹೆಸರೇ ಕೇಳದ ಹುಡುಗ ನಿನ್ನೆ ಕೊಂಡ ಲಿನಕ್ಸ್ ಲ್ಯಾಪ್‌ಟಾಪಿನಲ್ಲೂ ಇವು ಇದ್ದಾವೆ.

ಎಕ್ಸ್ ವಿಂಡೋಗೆ ಬಂದಾಗ ಇವಕ್ಕೆ 8 ಕೂಡಿಸಬೇಕು, ಏಕೆಂದರೆ ಅಲ್ಲಿ ಕೀ ಸಂಖ್ಯೆಗಳ ಎಣಿಕೆ 8ರಿಂದ ಶುರು. ಹಾಗಾಗಿ 128 ಎಂಬುದು 136 ಆಗುತ್ತದೆ. ಹೊಸ ಊರಿನಲ್ಲಿ ಸ್ಟಾಪ್ ‘ಕ್ಯಾನ್ಸಲ್’ ಎಂದೂ ಅಗೇನ್ ‘ರೀಡು’ ಎಂದೂ ಹೆಸರು ಬದಲಿಸಿಕೊಂಡವು. ಪ್ರಾಪ್ಸ್ ಮತ್ತು ಫ್ರಂಟ್ ಮಾತ್ರ ‘ಸನ್‌ಪ್ರಾಪ್ಸ್’, ‘ಸನ್‌ಫ್ರಂಟ್’ ಎಂದು ಮನೆತನದ ಹೆಸರನ್ನು ಬಿಡದೆ ಉಳಿಸಿಕೊಂಡಿವೆ. ಕಾಪಿ, ಕಟ್, ಪೇಸ್ಟ್‌ಗಳನ್ನು ಇಂದಿನ ಹಲವು ತಂತ್ರಾಂಶಗಳು ಈಗಲೂ ಗೌರವಿಸುತ್ತವೆ. ಪ್ರಾಪ್ಸ್ ಒತ್ತಿದರೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪಿತೃಗಳ ಹೆಸರಿನಲ್ಲಿ ಒತ್ತಿ ಕೈಮುಗಿಯಬಹುದು.

ಸೂತ್ರ 4: ‘ಎ’ಯ ಎಡಕ್ಕೆ ಯಾರು?

ವೃತ್ತಿ: ಸೂತ್ರಕಾರರು ಪ್ರಶ್ನೆ ಕೇಳಿ ನುಣುಚಿಕೊಂಡಿದ್ದಾರೆ. ಯುನಿಕ್ಸ್ ವಿನ್ಯಾಸದ ಸನ್ ಕೀಬೋರ್ಡಿನಲ್ಲಿ ‘ಎ’ಯ ಎಡಕ್ಕೆ ಕಂಟ್ರೋಲ್ ಕೂತಿದೆ, ಕ್ಯಾಪ್ಸ್ ಲಾಕ್ ಕೆಳಗಿನ ಮೂಲೆಯಲ್ಲಿದೆ. ಪಿಸಿ ಸಂಪ್ರದಾಯದಲ್ಲಿ ಇದು ವಿಪರ್ಯಾಸ. ಈ ಒಂದು ಗೇಣಿನ ಜಾಗಕ್ಕಾಗಿ ಎಕ್ಸ್ ವಿಂಡೋದ ಕೀ ವಿನ್ಯಾಸ ನೋಡಿಕೊಳ್ಳುವ ಎಕ್ಸ್‌ಕೆಬಿಯಲ್ಲಿ ಮೂರು ಮತಗಳು ಹುಟ್ಟಿಕೊಂಡಿವೆ.

ಒಂದು, ‘ಕಂಟ್ರೋಲ್-ನೋಕ್ಯಾಪ್ಸ್’. ಕ್ಯಾಪ್ಸ್ ಲಾಕ್ ಎಂಬುದು ತೋರಿಕೆ ಮಾತ್ರ. ಎರಡೂ ಕಡೆ ಇರುವುದು ಕಂಟ್ರೋಲೇ ಎಂಬ ಅದ್ವೈತ. ಎರಡು, ‘ಕಂಟ್ರೋಲ್-ಸ್ವಾಪ್‌ಕ್ಯಾಪ್ಸ್’. ಎರಡಕ್ಕೂ ಭೇದ ನಿತ್ಯ, ಜಾಗ ಮಾತ್ರ ಅದಲುಬದಲು ಎಂಬ ದ್ವೈತ. ಮೂರು, ‘ಕ್ಯಾಪ್ಸ್-ಕಂಟ್ರೋಲ್-ಮಾಡಿಫೈಯರ್’. ಕೀಲಿಯ ಹೆಸರು ಕ್ಯಾಪ್ಸ್ ಲಾಕ್ ಆಗಿಯೇ ಉಳಿಯುತ್ತದೆ, ನಡತೆ ಮಾತ್ರ ಕಂಟ್ರೋಲಿನದು, ಇದು ವಿಶಿಷ್ಟಾದ್ವೈತ. ಮೂರು ಮತದವರೂ ಒಂದೇ ಪಂಕ್ತಿಯಲ್ಲಿ ಕೂರುವುದು ವಿಂಡೋಸ್ ಕೀಯನ್ನು ಬೈಯುವಾಗ ಮಾತ್ರ.

ಕನ್ನಡಿಗರಿಗೆ ವಿಶೇಷ ವಿಧಿ: ಎಕ್ಸ್‌ಕೆಬಿಯ ಭಾರತ ಕಡತದಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ ಜೊತೆಗೆ ಕಗಪ ವಿನ್ಯಾಸವೂ ಇದೆ. ಚಾಲಕ ಕೆಳಗಿನ ಅಂತಸ್ತಿನದು, ವಿನ್ಯಾಸ ಮೇಲಿನದು. ಒಬ್ಬರ ವ್ಯವಹಾರದಲ್ಲಿ ಇನ್ನೊಬ್ಬರು ತಲೆ ಹಾಕುವುದಿಲ್ಲ. ಹಾಗಾಗಿ ಸ್ಪಾರ್ಕ್‌ಸ್ಟೇಷನ್ 1ರ ಜೊತೆ 1989ರಲ್ಲಿ ಬಂದ ಟೈಪ್ 4ರಲ್ಲಿ, ಅದನ್ನು ಮಾಡಿದವರು ಕನಸಿನಲ್ಲೂ ಎಣಿಸದ ಕನ್ನಡವನ್ನು ಒತ್ತಕ್ಷರ ಸಮೇತ ಟೈಪ್ ಮಾಡಬಹುದು.

ಸೂತ್ರ 5: ಫಲಕ ತಿರುಗಿದರೆ ಲೋಕ ಓರೆ.

ವೃತ್ತಿ: ಟೈಪ್ 4 ಕಾಲದ ಸನ್ ಮೌಸಿಗೆ ಚೆಂಡಿಲ್ಲ, ಅದು ಬೆಳಕಿನಿಂದ ಓದುವಂಥದ್ದು. ಆದರೆ ಎಲ್ಲೆಂದರಲ್ಲಿ ಓದುವುದಿಲ್ಲ. ಎರಡು ಬಣ್ಣದ ಗೆರೆಗಳನ್ನು ಅಡ್ಡಕ್ಕೂ ಉದ್ದಕ್ಕೂ ಎಳೆದ, ಹೊಳೆಯುವ ಲೋಹದ ಫಲಕ ಅದಕ್ಕೆ ಬೇಕು. ಮರದ ಮೇಜು, ಬಟ್ಟೆಯ ಪ್ಯಾಡು, ಹಳೆಯ ಪುಸ್ತಕದ ರಟ್ಟು, ಇವೆಲ್ಲ ಅದರ ಕಣ್ಣಿಗೆ ಶೂನ್ಯ. ಫಲಕವನ್ನು ಸ್ವಲ್ಪ ಓರೆಯಾಗಿಟ್ಟರೆ ಪರದೆಯ ಮೇಲಿನ ಬಾಣವೂ ಓರೆಯಾಗಿ ಓಡುತ್ತದೆ. ಮೌಸಿಗೆ ಕೈ ಗೊತ್ತಿಲ್ಲ, ಗೆರೆ ಮಾತ್ರ ಗೊತ್ತು.

ಇದರ ಭಾಷೆ ಮೌಸ್ ಸಿಸ್ಟಮ್ಸ್ ಕಂಪನಿಯದು: ಒಂದು ಸುದ್ದಿಗೆ 5 ಬೈಟ್. ಮೊದಲನೆಯದು ಮೂರು ಗುಂಡಿಗಳ ಸ್ಥಿತಿ, ಉಳಿದ ನಾಲ್ಕು ಚಲನೆ. 1200 ಬಾಡ್‌ನಲ್ಲಿ ಬೈಟ್‌ಗೆ 10 ಬಿಟ್ ಎಂದು ಹಿಡಿದರೆ ಸೆಕೆಂಡಿಗೆ 24 ಸುದ್ದಿ. ಸಾಧಾರಣ ಯುಎಸ್‌ಬಿ ಮೌಸು ಸೆಕೆಂಡಿಗೆ 125 ಸುದ್ದಿ ಕೊಡುತ್ತದೆ. ಇಷ್ಟೊಂದು ಚಾಡಿ ಕೇಳುವ ಅಗತ್ಯ ಗಣಕಕ್ಕೆ ಏನಿದೆ ಎಂಬುದು ನಮ್ಮ ಪಂಥದ ನಿಲುವು.

ಗಾಲಿಯಿಲ್ಲವಲ್ಲ, ಪುಟ ಜಾರಿಸುವುದು ಹೇಗೆ ಎಂದರೆ, ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ದಾರಿ ತೋರಿಸಿದೆ. ನಡುಗುಂಡಿ ಒತ್ತಿ ಹಿಡಿದು ಮೌಸನ್ನು ಆಡಿಸಿದರೆ ಪುಟ ಜಾರುವಂತೆ ಹೊಂದಿಸಬಹುದು. ಒತ್ತಿ ಕೂಡಲೇ ಬಿಟ್ಟರೆ ಎಂದಿನಂತೆ ಆಯ್ದ ಪಠ್ಯ ಅಂಟುತ್ತದೆ.

ಪ್ರಮಾಣ ವಿಚಾರ

ಗುಂಡಿ ಒತ್ತಿದರೂ ಅಕ್ಷರ ಬಾರದಿದ್ದರೆ ಏನು ಪ್ರಮಾಣ? ಕರ್ನಲ್ ಮಟ್ಟದಲ್ಲಿ ಪ್ರತ್ಯಕ್ಷ ‘ಎವ್‌ಟೆಸ್ಟ್’, ಎಕ್ಸ್ ಮಟ್ಟದಲ್ಲಿ ‘ಎಕ್ಸ್‌ಇವಿ’. ಮೊದಲನೆಯದರಲ್ಲಿ ಕಂಡು ಎರಡನೆಯದರಲ್ಲಿ ಕಾಣದಿದ್ದರೆ ದೋಷ ನಡುವಿನ ಹಾದಿಯಲ್ಲೆಲ್ಲೋ ಇದೆ. ಎರಡರಲ್ಲೂ ಕಾಣದಿದ್ದರೆ ತಂತಿಯಲ್ಲಿದೆ. ಎರಡರಲ್ಲೂ ಕಂಡರೆ ದೋಷ ಕುರ್ಚಿಯಲ್ಲಿದೆ. ‘ಡಿಮೆಸೇಜ್’ ಓದಿ ಊಹಿಸುವುದು ಅನುಮಾನ ಪ್ರಮಾಣ. ಮಾರಿದವರು ‘ಚೆಕ್ ಮಾಡಿದೀವಿ ಸಾರ್, ವರ್ಕಿಂಗ್’ ಎನ್ನುವುದು ಶಬ್ದ ಪ್ರಮಾಣ. ಶಬ್ದವೇ ಸರಿ, ಪ್ರಮಾಣವೆಂದು ಹೇಳಲಾಗದು.

ಶಾಖಾಂತರ

ಡಿಜಿಟಲ್ ಕಂಪನಿಯ ಎಲ್‌ಕೆ201 ಕೀಬೋರ್ಡಿಗೂ ಲಿನಕ್ಸ್‌ನಲ್ಲಿ ಚಾಲಕವಿದೆ. ಇದಕ್ಕೆ 12 ವೋಲ್ಟ್ ವಿದ್ಯುತ್ತು, 4800 ಬಾಡ್. ಅದರಲ್ಲಿ ‘ಡು’ ಎಂಬ ಗುಂಡಿಯಿದೆ. ಎಸ್ಕೇಪ್‌ಗೆ ಪ್ರತ್ಯೇಕ ಗುಂಡಿಯಿಲ್ಲ, ಎಫ್11ರ ಮರೆಯಲ್ಲಿದೆ. ಮಾಡು, ತಪ್ಪಿಸಿಕೊಳ್ಳಬೇಡ ಎಂಬ ಕರ್ಮಯೋಗ ಅದರ ವಿನ್ಯಾಸದಲ್ಲೇ ಅಡಕ. ಎಚ್‌ಪಿಯ ಎಚ್‌ಐಎಲ್ ಸಂಪ್ರದಾಯದಲ್ಲಿ ಕೀಬೋರ್ಡು, ಮೌಸು ಎಲ್ಲ ಸೇರಿ ಹೆಚ್ಚೆಂದರೆ 7 ಸಾಧನಗಳು ಒಂದರ ಬಾಲ ಇನ್ನೊಂದು ಹಿಡಿದು ಸಾಗುತ್ತವೆ. 122 ಗುಂಡಿಗಳ ಐಬಿಎಂ ಟರ್ಮಿನಲ್ ಕೀಬೋರ್ಡಿಗೆ ಕರ್ನಲ್ಲಿನ ‘ಎಟಿಕೆಬಿಡಿ’ ಚಾಲಕವನ್ನು 3ನೆಯ ಸ್ಕ್ಯಾನ್‌ಕೋಡ್ ಸೆಟ್ಟಿಗೆ ಹಾಕಬೇಕು. ವಿಸ್ತಾರ ಭಯದಿಂದ ನಿಲ್ಲಿಸಿದ್ದೇವೆ.

ಪೂರ್ವಪಕ್ಷ

ಪೂರ್ವಪಕ್ಷಿ ಹೇಳುತ್ತಾನೆ: ಸನ್ನದೇ ಟೈಪ್ 7 ಯುಎಸ್‌ಬಿಯಲ್ಲಿದೆ, ಚುಚ್ಚಿದರೆ ಮುಗಿಯಿತು. ಅದೂ ಬೇಡವೆಂದರೆ ಯಾವ ಕೀಬೋರ್ಡಿನಲ್ಲಾದರೂ ‘ಕಂಟ್ರೋಲ್-ನೋಕ್ಯಾಪ್ಸ್’ ಎಂಬ ಒಂದು ಸಾಲು ಬರೆದರೆ ನೀವು ಬಯಸಿದ ಜಾಗಕ್ಕೆ ಕಂಟ್ರೋಲ್ ಬರುತ್ತದೆ. ಹಳೆಯದಕ್ಕೆ ಅಪಾಯವೂ ಇದೆ. ಅಸಲಿ ಸ್ಪಾರ್ಕ್ ಯಂತ್ರದಲ್ಲಿ ಸ್ಟಾಪ್ ಮತ್ತು ‘ಎ’ ಒಟ್ಟಿಗೆ ಒತ್ತಿದರೆ ಇಡೀ ಯಂತ್ರ ನಿಂತು, ‘ಓಕೆ’ ಎಂದು ಬರೆದು ಕೂರುತ್ತದೆ. ‘ಗೋ’ ಎಂದು ಟೈಪ್ ಮಾಡುವ ತನಕ ಅಲುಗದು.

ಪೂರ್ವಪಕ್ಷಿಯ ಮಾತು ಎಲ್ಲ ವಿಧದಲ್ಲೂ ಸರಿಯಾಗಿರುವುದರಿಂದ ಅದನ್ನು ಖಂಡಿಸುವುದು ವಿದ್ವತ್ತಿನ ಕರ್ತವ್ಯವಾಗುತ್ತದೆ.

ಸಿದ್ಧಾಂತ

ಸನ್‌ಕೆಬಿಡಿ ಚಾಲಕ ಕೆಲವೇ ನೂರು ಸಾಲುಗಳ ಕಡತ. ಯಾರು ಬೇಕಾದರೂ ಓದಬಹುದು, ತಿದ್ದಬಹುದು. 2020ರಲ್ಲಿ ಅದರೊಳಗೆ ಒಂದು ಭದ್ರತಾ ದೋಷ ಪತ್ತೆಯಾಯಿತು: ಬಿಟ್ಟುಕೊಟ್ಟ ಮೆಮೊರಿಯನ್ನೇ ಮತ್ತೆ ಮುಟ್ಟುವ ತಪ್ಪು. ಅದಕ್ಕೆ ಸಿವಿಇ ಸಂಖ್ಯೆಯೂ ಸಿಕ್ಕಿತು, ದುರಸ್ತಿಯೂ ಆಯಿತು. ಕಂಪನಿಯೇ ಇಲ್ಲವಾಗಿ ದಶಕ ಕಳೆದ ಮೇಲೆ ಅದರ ಕೀಬೋರ್ಡಿಗೆ ಸಿಕ್ಕ ಈ ಉಪಚಾರವನ್ನು, ಹೋದ ವರ್ಷ ಕೊಂಡ ಬಣ್ಣಬಣ್ಣದ ದೀಪದ ಕೀಬೋರ್ಡಿನ ಜೊತೆ ಹೋಲಿಸಿ. ಎಷ್ಟೋ ಸಲ ಅದರ ದೀಪ ಬದಲಿಸುವ ತಂತ್ರಾಂಶ ಲಿನಕ್ಸಿಗೆ ಬರುವುದೇ ಇಲ್ಲ, ಬಂದರೂ ಅದರ ಒಳಗೇನಿದೆ ಎಂದು ಕೊಂಡವನಿಗೆ ತಿಳಿಯದು. ಸಾಧನದ ಆಯಸ್ಸು ಇರುವುದು ಅದರ ರಬ್ಬರಿನಲ್ಲಲ್ಲ. ಅದು ಆಡುವ ಭಾಷೆ ನಾಲ್ಕು ಜನಕ್ಕೆ ತಿಳಿದಿದೆಯೇ ಎಂಬುದರಲ್ಲಿ. ಈ ಒಂದು ಮಾತಿನಲ್ಲಿ ಸೂತ್ರಕಾರ ಮತ್ತು ವೃತ್ತಿಕಾರರಿಗೆ ಭಿನ್ನಾಭಿಪ್ರಾಯವಿಲ್ಲ.

ಫಲಶ್ರುತಿ

ಈ ಮೀಮಾಂಸೆಯನ್ನು ಶ್ರದ್ಧೆಯಿಂದ ಓದಿದವನಿಗೆ ಪಿನ್ನು ಬಾಗದು. ಓದಿ ಆಚರಿಸಿದವನಿಗೆ ಕಂಟ್ರೋಲ್ ಎಡಗಿರುಬೆರಳಿಗೆ ಸಿಕ್ಕುವುದು, ಭಾನುವಾರ ಕೈಗೆ ಸಿಗದು.

ಕೊನೆಯದಾಗಿ ಓದುಗರಲ್ಲಿ ಒಂದು ಬಿನ್ನಹ. ನಿಮ್ಮ ಸಂಸ್ಥೆಯ ಪ್ರಯೋಗಾಲಯದಲ್ಲೋ ಗೋದಾಮಿನಲ್ಲೋ ಹಳೆಯ ವರ್ಕ್‌ಸ್ಟೇಷನ್ನುಗಳನ್ನು ಗುಜರಿಗೆ ಹಾಕುವ ದಿನ ಬಂದರೆ, ಗೆರೆ ಎಳೆದ ಲೋಹದ ತಟ್ಟೆಯೊಂದು ಕಂಡೀತು. ಯಾವುದೋ ತಗಡು ಎಂದು ಎಸೆಯಬೇಡಿ, ಮೌಸಿಗೆ ಕಟ್ಟಿ ಕೊಡಿ. ಚಾಲಕವನ್ನು ಹತ್ತು ಜನ ಸೇರಿ ಬರೆದುಕೊಳ್ಳಬಹುದು. ಆ ತಟ್ಟೆಯನ್ನು ಡೌನ್‌ಲೋಡ್ ಮಾಡಲು ಬರುವುದಿಲ್ಲ.