ಭೂತನಾಳದ ಮತ್ಸ್ಯವಿನೋದ

ವಿಜಯಪುರದವರಿಗೆ ನೀರು ಕಂಡರೆ ಕೊಡ ಇಡುವುದು ಗೊತ್ತು, ಕೈ ಮುಗಿಯುವುದು ಗೊತ್ತು, ಬಾಗಿನ ಬಿಡುವುದೂ ಗೊತ್ತು. ಗಾಳ ಬಿಡುವುದು ಮಾತ್ರ ಗೊತ್ತಿಲ್ಲ. ಅಂಥ ಊರಿನಲ್ಲಿ, ಅದೂ ತತ್ತಿ ಕೂಡ ಹೊಸ್ತಿಲು ದಾಟದ ಲಿಂಗಾಯತರ ಮನೆಯಲ್ಲಿ ಹುಟ್ಟಿ, ಜೀವಮಾನವೆಲ್ಲ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದ ನಾನು ಭೂತನಾಳ ಕೆರೆಯ ದಂಡೆಯಲ್ಲಿ ಗಾಳ ಹಿಡಿದು ನಿಲ್ಲುತ್ತೇನೆ ಎಂದರೆ ನಮ್ಮ ಓಣಿಯವರು ಇನ್ನೂ ಪೂರ್ತಿ ನಂಬುವುದಿಲ್ಲ. ನಂಬದಿರುವುದೇ ನನಗೂ ಅನುಕೂಲ.

ಹುಚ್ಚು ಹಿಡಿಸಿದವನು ಅಕ್ಕನ ಮಗ. ಅಮೆರಿಕದ ಇಲಿನಾಯ್ ನದಿಯ ದಂಡೆಯ ಪಿಯೋರಿಯಾದಲ್ಲಿ ಇರುತ್ತಾನೆ. ವಾಟ್ಸ್‌ಆ್ಯಪಿನಲ್ಲಿ ಬರುವ ಫೋಟೊಗಳಲ್ಲಿ ಹೆಂಡತಿ ಮಕ್ಕಳಿಗಿಂತ ಮೀನೇ ಹೆಚ್ಚು. ವಸಂತದಲ್ಲಿ ಬಾಸ್, ಬೇಸಿಗೆಯಲ್ಲಿ ಮೀಸೆಯ ಕ್ಯಾಟ್‌ಫಿಶ್. 'ಅಯ್ಯ, ತಿಂತೀಯೇನೋ?' ಎಂದು ಅಕ್ಕ ಎದೆ ಹಿಡಿದುಕೊಂಡು ಕೇಳಿದಳು. 'ಇಲ್ಲಬೇ, ಲೈಸನ್ಸ್ ತಗೊಂಡು ಹಿಡೀತೀನಿ, ಅಳತಿ ಮಾಡ್ತೀನಿ, ಫೋಟೊ ತಗದು ಮತ್ತ ನೀರಾಗ ಬಿಡ್ತೀನಿ' ಅಂದ. ಅಕ್ಕನಿಗೆ ಸಮಾಧಾನವಾಯಿತು. ನನಗೆ ದಾರಿ ಕಂಡಿತು. ಹಿಡಿದರೂ ತಿನ್ನದಿದ್ದರೆ ಜಾತಿಯೂ ಉಳಿಯಿತು, ಚಟವೂ ನಡೆಯಿತು.

ಹೆಂಡತಿಯ ಮುಂದೆ ಇತಿಹಾಸವನ್ನೇ ಸಾಕ್ಷಿಗೆ ಕರೆದೆ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದಕ್ಕೆಂದೇ ಜಾಗ ಕೊಟ್ಟಿದ್ದಾನೆ. ಯಾವ ಮೀನು, ಯಾವ ಮೇವು, ದಾರ ಹೇಗಿರಬೇಕು, ಕೋಲು ಹೇಗಿರಬೇಕು, ಎಲ್ಲ ಬರೆದಿದ್ದಾನೆ. ಅಮೆರಿಕ ಅನ್ನುವುದೊಂದು ಇದೆಯೆಂದು ಯುರೋಪಿಗೆ ಗೊತ್ತಾಗುವ ಮುಂಚೆ ನಮ್ಮ ರಾಜ ಗಾಳ ಹಾಕಿದ್ದ ಎಂದೆ. ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಲಿಲ್ಲ. 'ಆ ರಾಜಾಗ ರಾಜ್ಯ ಇತ್ರಿ. ನಿಮಗ ಪೆನ್ಶನ್ ಐತಿ' ಅಂದಳು. ಅದನ್ನು ಒಪ್ಪಿಗೆ ಎಂದೇ ತಿಳಿದು ತಂಗೂಸಿನ ದಾರ, ಗಾಳ, ಬೆಂಡು ತಂದೆ.

ಗುರು ಸಿಕ್ಕಿದ್ದು ದಂಡೆಯ ಮೇಲೆ. ಭೂತನಾಳದಲ್ಲಿ ಬಲೆ ಬಿಡುವ ಅಂಬಿಗರ ಕಾಕಾ. ಅವನ ಒಪ್ಪಿಗೆ ಇಲ್ಲದೆ ನಾನು ನೀರಿಗೆ ದಾರ ಇಳಿಸುವುದಿಲ್ಲ. ಮನೆಯಿಂದ ಜೋಳದ ಹಿಟ್ಟು ನಾದಿ ಒಯ್ದಿದ್ದೆ. 'ಇದಕ್ಕ ಗೆಂಡಿ ಬರ್ತಾವ, ಜಿಲೇಬಿ ಬರ್ತಾವ. ಮೀಸಿ ಇದ್ದದ್ದು ಬೇಕಂದ್ರ ಹುಳಾನ ಬೇಕು ಮಾಸ್ತರ' ಅಂದ. ಎರೆಹುಳ ಚುಚ್ಚುವ ಕೆಲಸ ಅವನದು, ನೀರಿಗೆ ಬಿಡುವ ಕೆಲಸ ನನ್ನದು ಎಂದು ಪಾಪವನ್ನು ಪಾಲು ಮಾಡಿಕೊಂಡೆವು.

ಹಂಗಾಮಿನ ಪಾಠವೂ ಕಾಕಾನದೇ. ರೋಹಿಣಿ ಕಳೆದು ಮಿರಗ ಕೂಡಿ ಹೊಸ ನೀರು ಕೆರೆಗೆ ಇಳಿಯಿತೆಂದರೆ ಮುರಗೋಡು ಮೀನು ಹಳ್ಳಕ್ಕೆ ಎದುರಾಗಿ ಏರುತ್ತದೆ. ಹಸಿ ನೆಲದ ಮೇಲೂ ತೆವಳಿ ಹೋಗುತ್ತದೆ. ಮರಲ್ ಮೀನು ಜೊಂಡಿನಲ್ಲಿ ಮೊಟ್ಟೆಯಿಟ್ಟು ಕೆಂಪು ಮರಿಗಳ ಹಿಂಡನ್ನು ಕಾಯುತ್ತ ತಿರುಗುತ್ತದೆ. ಆಗ ಅದಕ್ಕೆ ಗಾಳ ಹಾಕಬಾರದು. ಅಕ್ಕನ ಮಗನಿಗೆ ಹೇಳಿದರೆ ಅಲ್ಲಿಯೂ ಹಾಗೇ ಅಂತೆ: ಬಾಸ್ ಗೂಡು ಕಾಯುವುದು ಗಂಡು, ಕ್ಯಾಟ್‌ಫಿಶ್ ಪೊಟರೆ ಕಾಯುವುದೂ ಗಂಡು. ಇದನ್ನು ಮನೆಯಲ್ಲಿ ಹೇಳಲಿಲ್ಲ. ಹೋಲಿಕೆ ನನ್ನ ಕಡೆಗೇ ತಿರುಗುವ ಸಂಭವವಿತ್ತು. ಮೃಗಶಿರಾ ಕೂಡಿದ ದಿನ ಹೈದರಾಬಾದಿನಲ್ಲಿ ದಮ್ಮಿನವರು ಸಾಲುಗಟ್ಟಿ ಜೀವಂತ ನುಂಗುವ ಮರಿ ಇದೇ ಮರಲ್‌ನದು. ಅಮೆರಿಕದವರು 2002ರಲ್ಲಿ ಈ ಜಾತಿಯನ್ನೇ ಜೀವಂತ ತರಕೂಡದೆಂದು ನಿಷೇಧ ಹಾಕಿದ್ದಾರೆ. ನಮ್ಮಲ್ಲಿ ಪ್ರಸಾದ, ಅಲ್ಲಿ ಅಪರಾಧ. ಬದಲಿಗೆ ಏಷ್ಯಾದ ಬೆಳ್ಳಿಗೆಂಡೆ ಅಲ್ಲಿಯ ಹೊಳೆ ತುಂಬಿ, ಮೋಟಾರು ದೋಣಿಯ ಸದ್ದಿಗೆ ಬೆಚ್ಚಿ ಹಾರಿ ಕೂತವರ ಮುಖಕ್ಕೇ ಬಡಿಯುತ್ತದಂತೆ.

ಈಗ ಆ ರವಿವಾರದ ಮಾತು. ಬೆಳಗಿನ ಹೊತ್ತು, ತಣ್ಣನೆಯ ಗಾಳಿ. ಕಾಕಾ ಆಚೆ ದಂಡೆಗೆ ಹೋಗಿದ್ದ. ಬೆಂಡು ಒಮ್ಮೆ ನಡುಗಿತು. ಅದೇ ಹೊತ್ತಿಗೆ ಬೆನ್ನ ಹಿಂದೆ ದನಿ: 'ಶರಣ್ರೀ ಸರ್!'

ತಿರುಗಿದರೆ ಹಿಂದಿನ ವಾರವಷ್ಟೇ ನಮ್ಮ ಮಗಳನ್ನು ನೋಡಿಹೋಗಿದ್ದ ತಿಕೋಟಾದ ದ್ರಾಕ್ಷಿ ತೋಟದ ಗೌಡರು ಪತ್ನಿ ಸಮೇತ. ಹಣೆಯ ತುಂಬ ವಿಭೂತಿ. 'ಊಟ-ಉಪಚಾರ, ಆಚಾರ-ವಿಚಾರ ಎಲ್ಲಾ ಶುದ್ಧ ಇರಬೇಕ ನೋಡ್ರಿ' ಎಂದು ನಮ್ಮ ಪಡಸಾಲೆಯಲ್ಲಿ ಕೂತು ಹೇಳಿ ಹೋದವರು.

'ಶರಣ್ರೀ, ಶರಣು' ಎಂದು ಕೋಲನ್ನು ಬಗಲಿಗೆ ಒತ್ತಿಕೊಂಡೆ.

'ಏನ ಮಾಡಾಕತ್ತೀರಿ ಇಲ್ಲೆ?'

'ಹಿಂಗ... ವಾಕಿಂಗ್.'

'ನಿಂತಲ್ಲೇ?'

'ಮೊಣಕಾಲಿಗೆ ಚೊಲೊ ಅಂತ್ರಿ.'

ಬೆಂಡು ಮುಳುಗಿತು. ಕೋಲು ಬಗಲಿನಿಂದ ಜಾರಿ ಕೆರೆಯ ಕಡೆ ಹೊರಟಿತು. ಎರಡೂ ಕೈಯಲ್ಲಿ ಹಿಡಿದೆ. ಹೊಸ ಮದುಮಗನ ಹಾಗೆ ಕೋಲು ಬಾಗಿ ನಿಂತಿತು.

'ಅದೇನ್ರಿ ಕೋಲು?'

'ನೀರಿನ ಆಳ ಅಳಿಯೂದ್ರಿ. ಇತಿಹಾಸದ ಕೆಲಸ.'

'ಹೌದೇನ್ರಿ? ಎಷ್ಟೈತ್ರಿ ಆಳ?'

ದಾರ ಸರ್ರನೆ ಓಡುತ್ತಿತ್ತು. 'ಇನ್ನೂ ಹೊಂಟೈತ್ರಿ' ಅಂದೆ.

ಗೌಡರು ಹೋಗಲಿಲ್ಲ. ಕೆರೆಯ ಆಳ ತಿಳಿಯದೆ ಕದಲುವ ಮನುಷ್ಯರಲ್ಲ ಅವರು. ಗಮನ ಬೇರೆ ಕಡೆ ತಿರುಗಿಸಲು ನನ್ನ ಹತ್ತಿರ ಇದ್ದದ್ದು ಒಂದೇ ಆಯುಧ. ಪಾಠ ಶುರುಮಾಡಿದೆ. ತಾಜ್ ಬಾವಡಿ 1620ರದ್ದು ಎಂದೆ; ಕೋಲು ಎಡಕ್ಕೆ ಎಳೆಯಿತು, ನಾನೂ ಎಡಕ್ಕೆ ಸರಿದೆ, ದಂಪತಿಯೂ ಪಾಠ ಕೇಳುತ್ತ ಎಡಕ್ಕೆ ಸರಿದರು. ಬೇಗಂ ತಲಾಬ್ ಕಟ್ಟಿಸಿದವನು ಮುಹಮ್ಮದ್ ಆದಿಲ್‌ಶಾಹ, 1651ರಲ್ಲಿ ಎಂದೆ. ಕೋಲು ಬಲಕ್ಕೆ ಎಳೆಯಿತು, ಮೂವರೂ ಬಲಕ್ಕೆ ಬಂದೆವು. ಕೊಳವೆಯಲ್ಲಿ ಊರಿಗೆ ನೀರು ತಂದ ಬಗೆಯನ್ನು ವಿವರಿಸುವಾಗ ನನ್ನ ಒಂದು ಚಪ್ಪಲಿ ಕೆಸರಿನಲ್ಲಿ ಉಳಿಯಿತು. 'ಭಾಳ ತನ್ಮಯ ಆಗಿ ಹೇಳ್ತಾರ' ಎಂದು ಗೌಡತಿ ಮೆಚ್ಚಿದರು. ಗೋಳಗುಮ್ಮಟದ ಪ್ರತಿಧ್ವನಿಗೆ ಬರುವಷ್ಟರಲ್ಲಿ ನೀರು ಧಬಾರನೆ ಒಡೆದು ಒಂದು ಮೀಸೆಯ ಮುಖ ಮೇಲೆದ್ದು ಮೂವರನ್ನೂ ನೋಡಿ ಮತ್ತೆ ಮುಳುಗಿತು.

ಯಾರೂ ಮಾತಾಡಲಿಲ್ಲ. ಮಗಳ ಮದುವೆ ಮುರಿಯಿತೆಂದು ನಾನು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಗೌಡರು ಧೋತರ ಮೇಲೆತ್ತಿ ಕಟ್ಟಿ ಗುಡುಗಿದರು: 'ಸಡಲ ಬಿಡ್ರಿ ಸರ್! ಜಗ್ಗಬ್ಯಾಡ್ರಿ, ಹರೀತೈತಿ! ಇಲ್ಲಿ ಕೊಡ್ರಿ!' ಕೋಲು ಕಸಿದುಕೊಂಡು, ಬಿಟ್ಟು, ಎಳೆದು, ದಣಿಸಿ, ಮೊಳದುದ್ದದ ಮುರಗೋಡನ್ನು ದಂಡೆಗೆ ತಂದು ನಿಲ್ಲಿಸಿದರು. ಹಣೆಯ ವಿಭೂತಿ ಬೆವರಿನಲ್ಲಿ ಇಳಿದಿತ್ತು. 'ಹುಡುಗರಿದ್ದಾಗ... ಹೊಲದ ಬಾವಿಯೊಳಗ...' ಎಂದು ಹೆಂಡತಿಯ ಕಡೆ ನೋಡಿದರು. 'ಲಗ್ನದಾಗ ಇದನ್ನ ಯಾರೂ ಹೇಳಿರಲಿಲ್ಲ' ಎಂದರು ಆ ತಾಯಿ. ಮೀನನ್ನು ಬಿಟ್ಟೆವು. ಮದುವೆ ಆಯಿತು. ಅದರ ಖರ್ಚಿನ ಮಾತು ಬೇರೆ.

ಮೀನು ಬಿಟ್ಟದ್ದನ್ನು ಆಚೆ ದಂಡೆಯಿಂದ ನೋಡಿದ್ದ ಕಾಕಾ ನಗಲಿಲ್ಲ. 'ಬಿಡೂದಿದ್ರ ಹಿಡಿಯೂದ್ಯಾಕ ಮಾಸ್ತರ? ನನಗ ಅದು ಒಂದ ದಿನದ ಸಂತಿ.' ಅವನ ಲೆಕ್ಕ ಸರಿ ಇತ್ತು. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಚುಚ್ಚುಮದ್ದು ಕೊಟ್ಟು ಗೆಂಡೆಯಿಂದ ಮರಿ ಮಾಡಿಸುವವರೆಗೆ ಹೊಳೆಯಲ್ಲಿ ಸಿಕ್ಕಷ್ಟೇ ಮರಿ. ಇವತ್ತಿಗೂ ಕೆರೆಗೆ ಮರಿ ಬಿಡಬೇಕೆಂದರೆ ಯಾರೋ ದುಡ್ಡು ಸುರಿಯಬೇಕು. ಮಳೆ ಕೈಕೊಟ್ಟರೆ ಮರಿಯೂ ಇಲ್ಲ, ದುಡ್ಡೂ ಇಲ್ಲ. ಕೃಷ್ಣೆಯ ನೀರು ಎತ್ತಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸುವುದು ಶುರುವಾಗುವ ಮೊದಲು ಕೆರೆಯ ತಳದಲ್ಲಿ ಕ್ರಿಕೆಟ್ ಆಡಿದ ಹುಡುಗರು ಈ ಜಿಲ್ಲೆಯಲ್ಲಿ ಎಷ್ಟೋ ಮಂದಿ.

ಕಾಕಾನಿಗಿಂತ ನನಗೆ ಸಿಟ್ಟು ಬರುವುದು ರವಿವಾರ ಬುತ್ತಿ ಕಟ್ಟಿಕೊಂಡು ಬರುವವರ ಮೇಲೆ. ನನ್ನ ಗಾಳಕ್ಕೆ ಮೀನಿಗಿಂತ ಹೆಚ್ಚು ಬಿದ್ದದ್ದು ಗುಟ್ಕಾ ಚೀಟು, ಕ್ಯಾರಿಬ್ಯಾಗು, ಥರ್ಮಾಕೋಲ್ ತಟ್ಟೆ. ಒಡೆದ ಬಾಟಲಿ ಕಾಕಾನ ಕಾಲು ಕೊಯ್ದಿದೆ. ಊರಿನ ಎಷ್ಟೋ ನಲ್ಲಿಗಳಿಗೆ ಇದೇ ಕೆರೆಯ ನೀರು ಹೋಗುತ್ತದೆ ಎಂಬುದು ತಟ್ಟೆ ಎಸೆದವರಿಗೂ ಗೊತ್ತು. ಅವರ ಮನೆಯಲ್ಲಿ ಆರ್‌ಓ ಇದೆ.

ಈಗ ಒಂದು ಒಪ್ಪಂದ ಮಾಡಿಕೊಂಡಿದ್ದೇನೆ. ನಾನು ಹಿಡಿದು ಬಿಟ್ಟ ಮೀನಿಗೆ ಅಂದಿನ ಪೇಟೆಯ ದರದಲ್ಲಿ ಕಾಕಾನಿಗೆ ದುಡ್ಡು. ತೂಕ ಅವನು ಹೇಳಿದ್ದೇ ಸರಿ. ಅವನು ಹೇಳುವ ತೂಕವೂ ಮಿರಗದ ಮಳೆ ಬಿದ್ದ ಮೇಲೆ ಏರುತ್ತಲೇ ಇದೆ. ಬೀಗರು ಬಂದ ವಾರ ಇನ್ನೂ ಜಾಸ್ತಿ. ನಮ್ಮ ಓಣಿಯಲ್ಲಿ ಮೀನಿಗೆ ಎಲ್ಲರಿಗಿಂತ ಹೆಚ್ಚು ದುಡ್ಡು ಸುರಿಯುವ ಮನೆ ಇವತ್ತು ಮೀನು ತಿನ್ನದ ನಮ್ಮದೇ.