ಕಣ್ಣಿಗೆ ಬಂದ ಮರುಹರೆಯ

ಮುಪ್ಪು ಮಂಡಿಗೆ ಬಂದರೆ ಬೀದಿಗೆಲ್ಲ ಗೊತ್ತಾಗುತ್ತದೆ. ಕಣ್ಣಿಗೆ ಬಂದರೆ ಕಣ್ಣಿನ ಯಜಮಾನನಿಗೇ ಗೊತ್ತಾಗುವುದಿಲ್ಲ. ಮಂಡಿ ಕೂಗಿ ಹೇಳುತ್ತದೆ. ಕಣ್ಣು ತಪ್ಪನ್ನೆಲ್ಲ ಊರಿನ ಮೇಲೆ ಹಾಕಿ ತಾನು ಸಾಚಾ ಆಗಿ ಕೂರುತ್ತದೆ. ಬಲ್ಬು ಮಂಕು, ಪತ್ರಿಕೆಯವರು ಮಸಿ ಉಳಿಸುತ್ತಿದ್ದಾರೆ, ಮಾತ್ರೆ ಹಾಳೆಯ ತಾರೀಖನ್ನು ಇರುವೆ ಓದಲೆಂದೇ ಅಚ್ಚು ಹಾಕಿದ್ದಾರೆ! ಕಣ್ಣೊಳಗಿನ ಮಸೂರ ಬಿರುಸಾಗಿ ಹತ್ತಿರದ್ದಕ್ಕೆ ಹೊಂದಿಕೊಳ್ಳುತ್ತಿಲ್ಲ ಎಂದು ಒಪ್ಪಿ ಚಾಳೀಸು ಹಾಕುವವರೆಗೂ ಈ ದೂರು ನಿಲ್ಲುವುದಿಲ್ಲ.

ನಮ್ಮ ಸೋದರಮಾವನದು ಇನ್ನೂ ಒಂದು ಕೈ ಮೇಲು. 70 ದಾಟಿದ ಮೇಲೆ ಚಾಳೀಸು ತೆಗೆದಿಟ್ಟು ಒಂಟಿಕೊಪ್ಪಲ್ ಪಂಚಾಂಗವನ್ನು ಗಡಗಡ ಓದತೊಡಗಿದರು. "ಎಲ್ಲಾ ಹೊನಗೊನೆ ಸೊಪ್ಪಿನ ಮಹಿಮೆ ಕಣೋ!" ಎಂದರು. ನೆಂಟರ ಮನೆಗಳಲ್ಲೆಲ್ಲ ಹೊನಗೊನೆ ಹುಳಿ, ಹೊನಗೊನೆ ಪಲ್ಯ. ಸೊಪ್ಪಿನವಳು ಕಟ್ಟು ಸಣ್ಣದು ಮಾಡಿದಳು.

ಅದೇ ಹೊತ್ತಿಗೆ ಮಾವನಿಗೆ ಜಂಭ ಬಂದಿದೆ ಎಂಬ ಸುದ್ದಿಯೂ ಹಬ್ಬಿತು. ಎದುರು ಫುಟ್‌ಪಾತಿನಿಂದ ಬೀಗರು ಕೈ ಮುಗಿದರೂ ಮುಖ ತಿರುಗಿಸಿ ಹೋದರಂತೆ. ಕೈಸಾಲ ಕೊಟ್ಟ ಗೆಳೆಯರನ್ನು ಕಂಡೂ ಕಾಣದ ಹಾಗೆ ನಡೆದರಂತೆ. ಅತ್ತೆ ಮರ್ಯಾದೆಗೆ ಅಂಜಿ ಅವರನ್ನು ಕಣ್ಣಿನ ಡಾಕ್ಟರ ಬಳಿಗೆ ಹೊರಡಿಸಿದರು. ಜೊತೆಗೆ ನಾನು.

"ಯಜಮಾನ್ರೇ, ಇದು ಸೊಪ್ಪಲ್ಲ, ಪೊರೆ," ಎಂದರು ಡಾಕ್ಟರು. ಮಸೂರದ ನಡುಭಾಗ ಗಟ್ಟಿಯಾಗುತ್ತ ಅದರ ಪವರ್ ಏರುತ್ತದೆ; ಹತ್ತಿರದ್ದು ಕೆಲಕಾಲ ಸ್ಪಷ್ಟವಾಗುತ್ತದೆ, ದೂರದ್ದು ಮಸುಕಾಗುತ್ತದೆ. ಪೊರೆ ಬಲಿತರೆ ಪಂಚಾಂಗವೂ ಹೋಗುತ್ತದೆ. ಮಾವನ ಮರುಹರೆಯ ಅಲ್ಲಿಗೆ ಮುಗಿಯಿತು.

ಜೊತೆಗೆ ಬಂದ ತಪ್ಪಿಗೆ ನನ್ನನ್ನೂ ಕುರ್ಚಿಗೆ ಏರಿಸಿದರು. ಗ್ಲಾಕೋಮ ನೋವಿಲ್ಲದೆ, ಹೆಚ್ಚಾಗಿ ದೃಷ್ಟಿಯ ಅಂಚಿನಿಂದ ಕದಿಯುತ್ತ ಬರುತ್ತದಂತೆ. ಕದ್ದದ್ದನ್ನು ಯಾವ ಔಷಧವೂ ವಾಪಸ್ ತರದು. ಹಾಗಾಗಿ 40 ದಾಟಿದವರು ಕಣ್ಣಿನ ಒತ್ತಡ, ನರ ಎರಡನ್ನೂ ತೋರಿಸುತ್ತಿರಬೇಕು. ಸಕ್ಕರೆ ಕಾಯಿಲೆಯವರಂತೂ ವರ್ಷಕ್ಕೊಮ್ಮೆ ಅಕ್ಷಿಪಟಲ ತೋರಿಸಲೇಬೇಕು. ಪಾಪೆ ಹಿಗ್ಗಿಸುವ ಹನಿ ಹಾಕಿ ಎಲ್ಲ ನೋಡಿದರು. ಬಿಲ್ಲು ಕೊಟ್ಟದ್ದು ಆಮೇಲೆ. ಅಂಕಿ ಒಂದೂ ಕಾಣದೆ ನಗುನಗುತ್ತಲೇ ದುಡ್ಡು ಕಟ್ಟಿದೆ.

ಮಾವ ಆಪರೇಷನ್ನಿಗೆ ಸುಲಭಕ್ಕೆ ಒಪ್ಪಲಿಲ್ಲ. ಡಾ. ಎಂ. ಸಿ. ಮೋದಿಯವರ ಶಿಬಿರಗಳ ಕಾಲದವರು; ಪೊರೆ ತೆಗೆಸಿದವರೆಲ್ಲ ಸೋಡಾಬುಡ್ಡಿ ಕನ್ನಡಕ ಹಾಕಿಕೊಂಡು ಬಂದದ್ದನ್ನು ಕಂಡವರು. ಆಗ ಹಳೆಯ ಮಸೂರ ತೆಗೆದ ಜಾಗ ಖಾಲಿ ಉಳಿಯುತ್ತಿತ್ತು. ಯುದ್ಧದಲ್ಲಿ ಪೈಲಟ್ಟುಗಳ ಕಣ್ಣಿಗೆ ಸಿಡಿದ ವಿಮಾನದ ಅಕ್ರಿಲಿಕ್ ಚೂರು ತಂಟೆ ಮಾಡದೆ ಒಳಗೇ ಉಳಿದದ್ದನ್ನು ಗಮನಿಸಿ, ಅಂಥದೇ ವಸ್ತುವಿನಿಂದ ಮಸೂರ ಮಾಡಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಕಣ್ಣೊಳಗೆ ಕೂರಿಸಿದ್ದು 1949ರಲ್ಲಿ. ಈಗ ಅದು ಅರ್ಧ ಗಂಟೆಯೊಳಗಿನ ಕೆಲಸ. ಅವತ್ತೇ ಮನೆಗೆ ಬರಬಹುದು.

ಮಾವನೂ ಬಂದರು. ಪಟ್ಟಿ ಬಿಚ್ಚಿದಾಗ ಮೊದಲು ಕಂಡದ್ದು ತಮ್ಮದೇ ಪಂಚೆ. "ಇದೇನೇ, ಇಷ್ಟು ಹಳದಿ!" "ವರ್ಷಗಳಿಂದ ಅದೇ ಬಣ್ಣ. ನೀಲಿ ಹಾಕ್ತೀನಿ ಅಂದ್ರೆ ಬೆಳ್ಳಗೇ ಇದೆ ಬಿಡು ಅಂತಿದ್ರಿ," ಎಂದರು ಅತ್ತೆ. ಪೊರೆಯೇ ಹಳದಿಯಾಗಿದ್ದರಿಂದ ಮಾವನಿಗೆ ಹಳದಿ ಪಂಚೆಯೂ ಬಿಳಿ!

ಪಂಚಾಂಗಕ್ಕೆ ಮತ್ತೆ ಚಾಳೀಸು ಬೇಕಾಯಿತು. ದೂರ ಮಾತ್ರ ನಿಚ್ಚಳ. ಬೀಗರಿಗೆ ಈಗ ಅವರೇ ಮೊದಲು ಕೈ ಮುಗಿಯುತ್ತಾರೆ. ಆದರೆ ಸಾಲ ಕೊಟ್ಟವರಿಗೆ "ಕಾಣಿಸಲಿಲ್ಲಪ್ಪಾ" ಎನ್ನುವಂತಿಲ್ಲ. ಕಣ್ಣು ಸರಿಹೋದ ಸುದ್ದಿಯನ್ನು ಅತ್ತೆ ಊರಿಗೆಲ್ಲ ಹೇಳಿಬಿಟ್ಟಿದ್ದಾರೆ. ಒಬ್ಬೊಬ್ಬರದೇ ತೀರಿಸುತ್ತ ಬಂದ ಮಾವ, ಆಸ್ಪತ್ರೆಯ ಬಿಲ್ಲಿಗಿಂತ ಇದೇ ದುಬಾರಿ ಬಿತ್ತು ಎಂದು ಈಗಲೂ ಗೊಣಗುತ್ತಾರೆ.